ಫಸ್ಟ್ ಕ್ಲಾಸಿಗೆ ಮಾರ್ಕ್ಸ್ ಹಾಕುವ ಬಿಟ್ಟಿ ಟಿಕೆಟ್ಟಿನವರು

ವಿಮಾನದ ಫಸ್ಟ್ ಕ್ಲಾಸ್ ತೋರಿಸುವ ವೀಡಿಯೊ ನಿಮ್ಮ ಫೋನಿಗೂ ಬಂದಿರುತ್ತದೆ. ಕ್ಯಾಮೆರಾ ಹಿಡಿದವನು ಒಳಗೆ ಹೋಗುತ್ತಾನೆ. ಬಾಗಿಲಿರುವ ಪುಟ್ಟ ಕೋಣೆ, ಮೆತ್ತನೆ ಹಾಸಿಗೆ, ಶಾಂಪೇನ್, ತಟ್ಟೆಯಲ್ಲಿ ಮೀನಿನ ಮೊಟ್ಟೆ. ಕೊನೆಗೆ ಹತ್ತಕ್ಕೆ ಒಂಬತ್ತೂವರೆ ಮಾರ್ಕ್ಸ್. ಯಾವುದಕ್ಕೆ ಅಷ್ಟು ಮಾರ್ಕ್ಸ್? ಟಿಕೆಟ್ ಕೊಂಡವರು ಯಾರು? ಇದನ್ನು ಯಾರೂ ಕೇಳುವುದಿಲ್ಲ. ನಾವು ಕೇಳುತ್ತೇವೆ.

ಫಸ್ಟ್ ಕ್ಲಾಸ್ ಹತ್ತದವರಿಗೆ ಈ ಉಸಾಬರಿ ಯಾಕೆ ಎನ್ನಬಹುದು. ಬೀಜ, ಸ್ಪ್ರೇಯರು, ಟ್ರ್ಯಾಕ್ಟರು, ಫೋನು ಎಲ್ಲವನ್ನೂ ಈಗ ಊರಲ್ಲಿ ವೀಡಿಯೊ ನೋಡಿಯೇ ಕೊಳ್ಳುತ್ತೇವೆ. ಕಂಪನಿ ಕೊಟ್ಟದ್ದನ್ನು ಹೊಗಳುವ ಚಾಳಿ ನಾಚಿಕೆ ಬಿಟ್ಟು ಕುಣಿಯುವುದು ಮಾತ್ರ ಫಸ್ಟ್ ಕ್ಲಾಸ್ ವಿಮರ್ಶೆಯಲ್ಲಿ. ಟಿಕೆಟ್ ಬೆಲೆ ಲಕ್ಷಗಳಲ್ಲಿರುವುದರಿಂದ ನೋಡುವವರು ಹತ್ತಿ ಪರೀಕ್ಷಿಸುವ ಮಾತೇ ಇಲ್ಲ. ಸಿಕ್ಕಿಬೀಳುವ ಭಯವೂ ಇಲ್ಲ.

ಊಟದ ವಿಷಯವನ್ನೇ ನೋಡಿ. ವೀಡಿಯೊದ ದೊಡ್ಡ ಪಾಲು ಅದೇ. ಆದರೆ ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟೇ. ನಮ್ಮ ಮುಳ್ಳಯ್ಯನಗಿರಿಯ ತುದಿಯೇ 6,300 ಅಡಿ ಚಿಲ್ಲರೆ. ಗಾಳಿಯಲ್ಲಿ ತೇವವೂ ತೀರಾ ಕಡಿಮೆ, ಮೂಗು ಒಣಗುತ್ತದೆ. ಉಪ್ಪು, ಸಿಹಿ ನಾಲಿಗೆಗೆ ಮಂಕಾಗುತ್ತವೆ ಎಂದು ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆ ಲುಫ್ತಾನ್ಸಾ ಕಂಪನಿಗಾಗಿ ಪರೀಕ್ಷೆ ಮಾಡಿಯೇ ಹೇಳಿತ್ತು. ಅಂಥ ಕಡೆ ಕೂತು ಶಾಂಪೇನಿನ ಹೆಸರು ನೋಡಿ ಮಾರ್ಕ್ಸ್ ಹಾಕುವುದು ನೆಗಡಿಯಾದವನು ಹೂವಿನ ವಾಸನೆಗೆ ತೀರ್ಪು ಕೊಟ್ಟಂತೆ.

ಇನ್ನೊಂದು ತಮಾಷೆ. ಈ ಒತ್ತಡ ವಿಮಾನದ ಮುಂದೆಯೂ ಹಿಂದೆಯೂ ಒಂದೇ. ಬೋಯಿಂಗ್ 787, ಏರ್‌ಬಸ್ ಎ350 ವಿಮಾನಗಳು ಅದನ್ನು 6,000 ಅಡಿಯ ಮಟ್ಟದಲ್ಲಿಡುತ್ತವೆ, ಹಳೆಯ 777ರಲ್ಲಿ ಅದು 8,000 ಅಡಿಯವರೆಗೂ ಹೋಗುತ್ತದೆ. ಅಂದರೆ 777ರ ಫಸ್ಟ್ ಕ್ಲಾಸಿನವನಿಗಿಂತ 787ರ ಕೊನೇ ಸಾಲಿನವನಿಗೆ ಒಳ್ಳೆಯ ಗಾಳಿ ಸಿಗಬಹುದು. ಲಕ್ಷ ಕೊಡುವವನು ಮೊದಲು ಕೇಳಬೇಕಾದ್ದು ಯಾವ ವಿಮಾನ ಎಂದು. ಮಾರ್ಕ್ಸ್ ಪಟ್ಟಿಯಲ್ಲಿ ಆ ಕಾಲಮ್ಮೇ ಇರುವುದಿಲ್ಲ.

ಸ್ನಾನದ ಮನೆಯಂತೂ ಇವರಿಗೆ ಹಬ್ಬ. ಎಮಿರೇಟ್ಸ್‌ನ ಎ380 ವಿಮಾನ 2022ರ ಅಕ್ಟೋಬರ್‌ನಿಂದ ಬೆಂಗಳೂರಿಗೂ ಬರುತ್ತಿದೆ. ಅದರಲ್ಲಿ 14 ಫಸ್ಟ್ ಕ್ಲಾಸ್ ಕೋಣೆ, ಎರಡು ಸ್ನಾನದ ಮನೆ. ಒಬ್ಬರಿಗೆ ನೀರು ಬರುವುದು ಐದೇ ನಿಮಿಷ. ಬೆಂಗಳೂರಿನಿಂದ ದುಬೈಗೆ ನಾಲ್ಕು ತಾಸಿನ ದಾರಿ. ಅಷ್ಟರೊಳಗೆ ಸ್ನಾನ ಮಾಡಲೇಬೇಕಾದ ತುರ್ತು ಯಾರಿಗಿರುತ್ತದೋ ದೇವರೇ ಬಲ್ಲ.

ಹಾಸಿಗೆ, ಬಾಗಿಲು ಈಗ ಫಸ್ಟ್ ಕ್ಲಾಸಿನ ಸ್ವತ್ತಾಗಿ ಉಳಿದಿಲ್ಲ. ಬ್ರಿಟಿಷ್ ಏರ್‌ವೇಸ್ 1990ರ ದಶಕದ ನಡುವೆ ಫಸ್ಟ್ ಕ್ಲಾಸಿಗೆ ಪೂರ್ತಿ ಚಪ್ಪಟೆಯಾಗುವ ಹಾಸಿಗೆ ತಂದಿತು, 2000ದಲ್ಲಿ ಅದನ್ನೇ ಬಿಸಿನೆಸ್ ಕ್ಲಾಸಿಗೂ ಕೊಟ್ಟಿತು. 2017ರಲ್ಲಿ ಕತಾರ್ ಏರ್‌ವೇಸ್ ಬಿಸಿನೆಸ್ ಕ್ಲಾಸಿಗೇ ಬಾಗಿಲಿಟ್ಟಿತು. ಹಾಗಾದರೆ ಮೇಲಿನ ಹಣ ಯಾವುದಕ್ಕೆ? ಹದಿನೈದು ತಾಸಿನ ಹಾರಾಟದಲ್ಲಿ ಎಷ್ಟು ತಾಸು ಮುರಿಯದ ನಿದ್ದೆ ಬಂತು, ಅಡುಗೆ ಕಟ್ಟೆಯ ಸದ್ದು ಕೇಳಿತೇ, ಎದ್ದಾಗ ಊಟ ಸಿಕ್ಕಿತೇ, ಸೀಟಿನ ಮೋಟಾರು ಕೆಟ್ಟರೆ ಏನು ಮಾಡಿದರು, ಹಣ ವಾಪಸ್ ಕೊಟ್ಟರೇ? ಅಳೆಯುವುದಾದರೆ ಇವನ್ನು ಅಳೆಯಬೇಕು. ಆದರೆ ವೀಡಿಯೊ ಮಾಡುವವನು ನಿದ್ದೆ ಮಾಡುವುದೇ ಇಲ್ಲ. ಅವನಿಗೆ ಶೂಟಿಂಗ್ ಇರುತ್ತದೆ.

2024ರ ಸೆಪ್ಟೆಂಬರಿನಲ್ಲಿ ಏರ್ ಇಂಡಿಯಾದ ಷಿಕಾಗೋ–ದೆಹಲಿ ವಿಮಾನದಲ್ಲಿ ಬಂದ ಪ್ರಯಾಣಿಕರೊಬ್ಬರು ತಮ್ಮ ಟಿಕೆಟ್ ಬೆಲೆ 6,300 ಡಾಲರ್ ಎಂದು ಹೇಳಿ ಒಂದು ವೀಡಿಯೊ ಹಾಕಿದರು. ಹರಿದ, ಕೊಳೆಯಾದ ಒಳಾಂಗಣ, ಮೆನುವಿನಲ್ಲಿದ್ದರೂ ಸಿಗದ ತಿನಿಸು, ದಾರಿಯುದ್ದಕ್ಕೂ ಕೆಲಸ ಮಾಡದ ವೈಫೈ. ಕಂಪನಿ ಹಣ ಹಿಂತಿರುಗಿಸಿತು ಎಂದೂ ಅವರೇ ಹೇಳಿದರು. ಇದು ವಿಮರ್ಶೆ. ಅದಕ್ಕೂ ಮೊದಲೇ, 2022ರ ಡಿಸೆಂಬರಿನಲ್ಲಿ, ಹಳೆಯ ವಿಮಾನಗಳ ಒಳಾಂಗಣ ಬದಲಿಸಲು 40 ಕೋಟಿ ಡಾಲರ್ ಖರ್ಚು ಮಾಡುವುದಾಗಿ ಏರ್ ಇಂಡಿಯಾ ತಾನೇ ಪ್ರಕಟಿಸಿತ್ತು. ಸೀಟುಗಳ ಸ್ಥಿತಿ ಕಂಪನಿಗೇ ಗೊತ್ತಿತ್ತು ಎಂದಾಯಿತು.

ಎಲ್ಲರೂ ಕಂಪನಿಯ ಟಿಕೆಟ್ಟಿನಲ್ಲೇ ಹೋಗುತ್ತಾರೆ ಎನ್ನುತ್ತಿಲ್ಲ. ಕೆಲವರು ಕ್ರೆಡಿಟ್ ಕಾರ್ಡಿನ ಪಾಯಿಂಟ್ ಕೂಡಿಸಿ ಹೋಗುತ್ತಾರೆ. ಇವರು ವಿಮಾನ ಕಂಪನಿಯ ಹಂಗಿನಲ್ಲಿಲ್ಲ, ಒಪ್ಪೋಣ. ಆದರೆ ವೀಡಿಯೊ ಕೆಳಗಿನ ಲಿಂಕ್ ನೋಡಿ. ಅದೇ ಕಾರ್ಡಿನದು ಇರುತ್ತದೆ. ಅದರಿಂದ ನೀವು ಕಾರ್ಡ್ ಮಾಡಿಸಿದರೆ ಅವರಿಗೆ ಕಮಿಷನ್. ತೋರಿಸುವುದು ಹಾಸಿಗೆ, ಮಾರುವುದು ಸಾಲದ ಕಾರ್ಡು.

ನಮ್ಮ ಜಾತಿಯವರೂ, ಅಂದರೆ ಪತ್ರಿಕೆಯವರೂ, ಸಾಚಾ ಅಲ್ಲ. ಹೊಸ ಮಾರ್ಗ ಶುರುವಾದಾಗ ಕಂಪನಿಯ ಖರ್ಚಲ್ಲಿ ಹೋಗಿಬಂದು ಪುರವಣಿ ತುಂಬ ಬರೆಯುವುದುಂಟು. ಜಿಲ್ಲಾ ಕೇಂದ್ರದ ಪ್ರೆಸ್‌ಮೀಟಿನಲ್ಲಿ ಕವರ್ ತೆಗೆದುಕೊಂಡು ಸುದ್ದಿ ಬರೆದವನನ್ನು ಎಲ್ಲರೂ ಬೈಯುತ್ತಾರೆ, ಬೈಯಲೇಬೇಕು. ಐನೂರರ ಕವರಿಗೊಂದು ನ್ಯಾಯ, ಐದು ಲಕ್ಷದ ಟಿಕೆಟ್ಟಿಗೊಂದು ನ್ಯಾಯ ಹೇಗೆ? ದೊಡ್ಡವನದಾದರೆ ಅದು ‘ಅನುಭವ ಕಥನ’ವಂತೆ!

ಫಸ್ಟ್ ಕ್ಲಾಸಿನ ನಿಜವಾದ ಬೆಲೆಯನ್ನೂ ಇವರು ಹೇಳುವುದಿಲ್ಲ. ಆ ಜಾಗದಲ್ಲಿ ಎಷ್ಟೋ ಜನ ಕೂರಬಹುದಿತ್ತು. ಅಲ್ಲಿ ಕೂತವರ ಪಾಲಿಗೆ ಬರುವ ಇಂಗಾಲದ ಹೊಗೆ ಎಕಾನಮಿಯವರದಕ್ಕಿಂತ ಒಂಬತ್ತು ಪಟ್ಟಿನವರೆಗೂ ಇರಬಹುದೆಂದು ವಿಶ್ವಬ್ಯಾಂಕಿನ 2013ರ ಅಧ್ಯಯನ ಲೆಕ್ಕ ಹಾಕಿದೆ. ಮಳೆ ಕೈಕೊಟ್ಟಾಗ ನಮಗೆ ಇದು ಸಣ್ಣ ವಿಷಯವಲ್ಲ.

ಕಾನೂನು ಇಲ್ಲವೆಂದೂ ಅಲ್ಲ. ಉಚಿತ ಪ್ರಯಾಣ, ಉಡುಗೊರೆ, ಹಣ ಏನೇ ಪಡೆದು ಹೊಗಳಿದರೂ ಅದನ್ನು ಎದ್ದು ಕಾಣುವಂತೆ ಹೇಳಬೇಕು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೇ ಸೂಚಿಸಿದೆ. ದಾರಿ ತಪ್ಪಿಸುವ ಜಾಹೀರಾತಿಗೆ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮೊದಲ ಸಲ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಮುಂದಿನ ಸಲ ಅಂಥ ವೀಡಿಯೊ ಬಂದರೆ ಅದರ ಕೆಳಗೆ ಕನ್ನಡದಲ್ಲೇ ಬರೆಯಿರಿ: ಟಿಕೆಟ್ ಯಾರ ದುಡ್ಡಿಂದು ಸ್ವಾಮಿ? ಬೀಜದ ವೀಡಿಯೊ ಕೆಳಗೂ ಅದನ್ನೇ ಕೇಳಿ. ಮುಚ್ಚಿಟ್ಟಿದ್ದಾರೆ ಅನ್ನಿಸಿದರೆ ದೂರು ಹೇಳಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, ಸಂಖ್ಯೆ 1915.