ನಮ್ಮ ಫೈಲು, ಅವರ ಕಪಾಟು

ಆಫರ್ ಲೆಟರ್ ಕೈಗೆ ಬಂದ ದಿನ ನಾವು ನೋಡೋದು ಮೂರೇ ವಿಷಯ: ಪ್ಯಾಕೇಜ್ ಎಷ್ಟು, ಬಾಂಡ್ ಎಷ್ಟು ವರ್ಷ, ಪೋಸ್ಟಿಂಗ್ ಎಲ್ಲಿ. ಜೊತೆಗೆ ಬರುವ 'ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್' ಫಾರಂ ಮಾತ್ರ ಯಾರೂ ಓದಲ್ಲ. ನೇರ ಕೊನೇ ಪುಟಕ್ಕೆ ಹೋಗಿ ಸಹಿ ಹಾಕಿ ಅಪ್‌ಲೋಡ್ ಮಾಡಿ ಕ್ಯಾಂಟೀನಿಗೆ ಹೊರಡ್ತೀವಿ.

ನಮ್ಮ ಸೀನಿಯರ್ ಒಬ್ಬರ ಕಥೆ ಕೇಳಿದ ಮೇಲೆ ಆ ಫಾರಂ ಮೇಲೆ ನಮಗೆ ಭಯ ಹುಟ್ಟಿದೆ. ಮೊದಲ ಕಂಪನಿಯಲ್ಲಿದ್ದಾಗ ಅವರು ಚಿಕಿತ್ಸೆಗೆಂದು ಎರಡು ತಿಂಗಳು ರಜೆ ಹಾಕಿದ್ದರು. ಕಾರಣ ಹೇಳಿದ್ದು ಎಚ್‌ಆರ್‌ಗೆ ಮಾತ್ರ. ವರ್ಷದ ನಂತರ ಇನ್ನೊಂದು ಕಂಪನಿಯ ಕೊನೇ ಸುತ್ತಿನಲ್ಲಿ ಪ್ರಶ್ನೆ ಬಂತು: "ಆರೋಗ್ಯ ಈಗ ಹೇಗಿದೆ? ಪ್ರೆಷರ್ ತಡ್ಕೋತೀರಾ?" ಅಲ್ಲಿ ಯಾರಿಗೂ ಅವರು ಆ ವಿಷಯ ಹೇಳಿರಲಿಲ್ಲ. ಕೆಲಸ ಸಿಗಲಿಲ್ಲ. ಯಾರು ಹೇಳಿದರು, ಏನು ಹೇಳಿದರು, ಇವತ್ತಿಗೂ ಗೊತ್ತಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಅಲ್ವಾ ಅಂತ ನೀವು ಕೇಳಬಹುದು. ಹೌದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹಾಗೆಂದರು. ಅದಕ್ಕೂ ಮುಂಚೆ, 2012ರಲ್ಲಿ, ಸರ್ಕಾರಿ ನೌಕರನ ಮೆಮೊ, ಶಿಸ್ತುಕ್ರಮದ ದಾಖಲೆಗಳೆಲ್ಲ ವೈಯಕ್ತಿಕ ಮಾಹಿತಿ, ದೊಡ್ಡ ಸಾರ್ವಜನಿಕ ಹಿತಾಸಕ್ತಿ ಇಲ್ಲದೆ ಆರ್‌ಟಿಐನಲ್ಲಿ ಕೊಡಬೇಕಿಲ್ಲ ಅಂತ ಅದೇ ಕೋರ್ಟು ಹೇಳಿತ್ತು. ಆದರೆ ಮೂಲಭೂತ ಹಕ್ಕನ್ನು ಮುಖ್ಯವಾಗಿ ಕೇಳೋದು ಸರ್ಕಾರದ ಎದುರು. ನಾವು ಹೋಗೋದು ಖಾಸಗಿ ಕಂಪನಿಗೆ. ಅಲ್ಲಿ ಬೇಕಾದದ್ದು ಒಂದು ಕಾಯ್ದೆ.

ಆ ಕಾಯ್ದೆ 2023ರಲ್ಲಿ ಬಂತು: ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದವು. ಕಂಪನಿಗಳು ತಯಾರಾಗಲು 18 ತಿಂಗಳ ಗಡುವೂ ಸಿಕ್ಕಿತು. ಮಾಹಿತಿ ಸೋರದಂತೆ ಸುರಕ್ಷತೆ ವಹಿಸದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ. ಕೇಳೋಕೆ ಚೆನ್ನಾಗಿದೆ.

ಈಗ ಏಳನೇ ಸೆಕ್ಷನ್ ನೋಡಿ. 'ಉದ್ಯೋಗದ ಉದ್ದೇಶಕ್ಕಾಗಿ' ಆದರೆ ನೌಕರನ ಮಾಹಿತಿ ಬಳಸಲು ಕಂಪನಿಗೆ ಅವನ ಒಪ್ಪಿಗೆಯೇ ಬೇಡ. ಸಂಬಳ ಹಾಕಲು, ಪಿಎಫ್ ಕಟ್ಟಲು ದಿನಾ ಒಪ್ಪಿಗೆ ಕೇಳೋಕಾಗಲ್ಲ, ಅದು ಸರಿ. ಆದರೆ ಬಿಟ್ಟುಹೋದವನ ಬಗ್ಗೆ ಹೊಸ ಕಂಪನಿಗೆ ಹೇಳೋದೂ 'ಉದ್ಯೋಗದ ಉದ್ದೇಶ'ವೇ? ಕಾಯ್ದೆ ಬಿಡಿಸಿ ಹೇಳಿಲ್ಲ.

ಇನ್ನೂ ಒಂದು ತೊಡಕಿದೆ. ನಮ್ಮ ಬಗ್ಗೆ ಏನು ಮಾಹಿತಿ ಇದೆ, ಯಾರ್ಯಾರಿಗೆ ಕೊಟ್ಟಿದ್ದಾರೆ ಅಂತ ಕೇಳುವ ಹಕ್ಕು, ತಪ್ಪಿದ್ದರೆ ತಿದ್ದಿಸುವ ಹಕ್ಕು ಕಾಯ್ದೆಯಲ್ಲಿವೆ. ಆದರೆ ಅವು ಸಿಗೋದು ನಾವು ಒಪ್ಪಿಗೆ ಕೊಟ್ಟ ಮಾಹಿತಿಗೆ ಮಾತ್ರ. ಅಂದರೆ, ನಮ್ಮನ್ನು ಕೇಳಿ ಬಳಸಿದರೆ ಲೆಕ್ಕ ಕೇಳಬಹುದು, ಕೇಳದೇ ಬಳಸಿದರೆ ಅದೂ ಇಲ್ಲ! ನಮ್ಮ ಪ್ರಕಾರ ಇದು ತಲೆಕೆಳಗಾದ ನ್ಯಾಯ. ಒಪ್ಪಿಗೆ ಕೇಳದ ಕಡೆಯೇ ಲೆಕ್ಕ ಕೇಳುವ ಹಕ್ಕು ಹೆಚ್ಚಿರಬೇಕು.

ಕಂಪನಿಗಳ ಕಷ್ಟವೂ ಸುಳ್ಳಲ್ಲ. ನಕಲಿ ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ಹಿಡಿದು ಬರೋರು ಇದ್ದಾರೆ, ಪರಿಶೀಲನೆ ಬೇಕೇ ಬೇಕು. ಆದರೆ ಪರಿಶೀಲನೆಗೆ ಎಷ್ಟು ಬೇಕು? ಯಾವ ದಿನ ಸೇರಿದ, ಯಾವ ದಿನ ಬಿಟ್ಟ, ಯಾವ ಹುದ್ದೆ. ಸಾಕಲ್ಲ? ರಜೆಯ ಕಾರಣ, ಕಾಯಿಲೆ, ಮ್ಯಾನೇಜರ್ ಕೋಪದಲ್ಲಿ ಬರೆದ ಒಂದು ಸಾಲು ಇವೆಲ್ಲ ಯಾಕೆ? ಅಂಥದ್ದನ್ನು ಕಳಿಸೋದಾದರೆ ಬೇರೆಯಾಗಿ ಲಿಖಿತ ಒಪ್ಪಿಗೆ ಪಡೆಯಲಿ, ಕಳಿಸಿದ್ದರ ಒಂದು ಪ್ರತಿ ನಮಗೂ ಕೊಡಲಿ.

ಕಾಯ್ದೆ ತಿದ್ದುಪಡಿ ನಮ್ಮ ಕೈಲಿಲ್ಲ. ಆ ಫಾರಂ ನಮ್ಮ ಕೈಲಿದೆ. ಅದರಲ್ಲಿ ಕೇಳೋದು ನಮ್ಮ ಒಪ್ಪಿಗೆಯನ್ನೇ, ಹಾಗಾಗಿ ಅಲ್ಲಿ ನಮಗೆ ಪೂರ್ತಿ ಮಾತಿದೆ. ಸಹಿಗೆ ಮುಂಚೆ ಮೂರು ಪ್ರಶ್ನೆ ಕೇಳೋಣ: ಯಾವ ಮಾಹಿತಿ ತಗೋತೀರಿ, ಯಾರಿಗೆ ಕೊಡ್ತೀರಿ, ಎಷ್ಟು ದಿನ ಇಟ್ಕೋತೀರಿ? ಒಬ್ಬರೇ ಕೇಳಿದರೆ ಆಫರ್ ಹೋದೀತು ಅನ್ನೋ ಭಯ ನಮಗೂ ಇದೆ. ಅದಕ್ಕೇ ನಮ್ಮ ಪ್ಲೇಸ್‌ಮೆಂಟ್ ಸೆಲ್ ಎಲ್ಲರ ಪರವಾಗಿ ಪ್ರತಿ ಕಂಪನಿಗೂ ಇವನ್ನು ಕೇಳಲಿ.

ಇನ್ನೊಂದು ಮಾತು. ನಾಳೆ ಎಚ್‌ಆರ್ ಪೋರ್ಟಲ್‌ಗಳಿಗೆ ಕೋಡ್ ಬರೆಯೋರು ನಮ್ಮಲ್ಲೇ ಕೆಲವರು. ಯಾರು ಯಾವ ಫೈಲು ತೆರೆದರು ಅನ್ನೋ ಲಾಗ್ ಇಡಬೇಕೋ ಬೇಡವೋ, ಅದು ನೌಕರನಿಗೂ ಕಾಣಬೇಕೋ ಬೇಡವೋ ಅನ್ನೋ ಮಾತು ಡಿಸೈನ್ ಮೀಟಿಂಗಿನಲ್ಲಿ ಬಂದೇ ಬರುತ್ತೆ. ಆವತ್ತು ನಾವು ಸುಮ್ಮನಿರಬಾರದು. ಆ ಸೀನಿಯರ್‌ಗೆ ಇಂಥದ್ದೊಂದು ಲಾಗ್ ಸಿಕ್ಕಿದ್ದರೆ, ಕನಿಷ್ಠ ಯಾರನ್ನು ಕೇಳಬೇಕು ಅನ್ನೋದಾದರೂ ಗೊತ್ತಾಗ್ತಿತ್ತು.