ಮಾದರಿ ವಿಮಾನದ ಹವ್ಯಾಸವೂ ಸರ್ಕಾರದ ಕಟ್ಟಳೆಯೂ

ಹಗುರವಾದ ಬಾಲ್ಸಾ ಮರದ ಪಟ್ಟಿಗಳನ್ನು ಕೊಯ್ದು, ಅಂಟಿಸಿ, ಪುಟ್ಟ ಯಂತ್ರವನ್ನು ಹೂಡಿ, ನೆಲದ ಮೇಲೆ ನಿಂತೇ ರೇಡಿಯೋ ಸಂಕೇತದಿಂದ ಆಕಾಶದಲ್ಲಿ ಆಡಿಸುವ ಮಾದರಿ ವಿಮಾನದ ಹವ್ಯಾಸವು ಅಮೆರಿಕದಲ್ಲಿ ಬಹುಕಾಲದಿಂದ ಬೇರೂರಿದೆ. ಅಲ್ಲಿಯ ಹವ್ಯಾಸಿಗಳ ಸಂಘವಾದ ‘ಅಕಾಡೆಮಿ ಆಫ್ ಮಾಡೆಲ್ ಏರೋನಾಟಿಕ್ಸ್’ 1936ರಷ್ಟು ಹಿಂದೆಯೇ ಹುಟ್ಟಿತು. 1981ರಲ್ಲಿ ಆ ದೇಶದ ವಿಮಾನಯಾನ ಇಲಾಖೆಯು 400 ಅಡಿಗಿಂತ ಮೇಲೇರಿಸಬಾರದೆಂಬುದೇ ಮೊದಲಾದ ಕೆಲವು ಸಲಹೆಗಳನ್ನಿತ್ತು ಸುಮ್ಮನಾಯಿತು. ಅವು ಆಜ್ಞೆಗಳಲ್ಲ, ಹಿತೋಕ್ತಿಗಳು.

ಡ್ರೋನುಗಳು ಅಂಗಡಿಗಳಲ್ಲಿ ಸುಲಭವಾಗಿ ದೊರೆಯತೊಡಗಿದ ಮೇಲೆ ಈ ಸ್ಥಿತಿ ಮಾರ್ಪಟ್ಟಿತು. ನೋಂದಣಿಯ ಕಟ್ಟಳೆಯನ್ನು ಹವ್ಯಾಸಿಯೊಬ್ಬನು ಪ್ರಶ್ನಿಸಲು, 2017ರ ಮೇ ತಿಂಗಳಲ್ಲಿ ನ್ಯಾಯಾಲಯವು ಅದನ್ನು ರದ್ದುಗೊಳಿಸಿತು; ಅದೇ ಡಿಸೆಂಬರಿನಲ್ಲಿ ಶಾಸನಸಭೆಯು ಕಾಯಿದೆಯ ಮೂಲಕ ಅದನ್ನು ಮತ್ತೆ ಜೀವಂತಗೊಳಿಸಿತು. ನ್ಯಾಯಾಲಯದ ಗೆಲುವನ್ನೇ ನೆಚ್ಚಿದವರ ಸಂತೋಷ ಏಳು ತಿಂಗಳದ್ದು!

2019ರ ಡಿಸೆಂಬರ್ 31ರಂದು ಪ್ರಕಟವಾದ ಕರಡು ಇನ್ನೂ ಕಠಿನವಾಗಿತ್ತು. ನೋಂದಣಿಗೆ ಒಳಪಡುವ ಪ್ರತಿಯೊಂದು ವಿಮಾನವೂ ತನ್ನ ಗುರುತನ್ನೂ ನೆಲೆಯನ್ನೂ ಪ್ರಕಟಿಸುತ್ತಿರಬೇಕು. ಇಂಟರ್‌ನೆಟ್ ದೊರೆಯುವಲ್ಲಿ ಅದರ ಮೂಲಕವೂ ತಿಳಿಸಬೇಕು. ಅಂತಹ ಉಪಕರಣವಿಲ್ಲದವು ಮಾನ್ಯತೆ ಪಡೆದ ಬಯಲುಗಳಲ್ಲಿ ಮಾತ್ರ ಹಾರಬೇಕು. ಆ ಮಾನ್ಯತೆಗೆ ಅರ್ಜಿ ಹಾಕಲು 12 ತಿಂಗಳ ಗಡುವು. ಅನಂತರ ಬಾಗಿಲು ಮುಚ್ಚಿತು. ಬಯಲೊಂದು ಮನೆಕಟ್ಟುವವರ ಪಾಲಾದರೆ ಅದಕ್ಕೆ ಬದಲು ಇನ್ನೊಂದು ಹುಟ್ಟುವಂತಿಲ್ಲ. ಹವ್ಯಾಸವನ್ನು ನಿಷೇಧಿಸದೆಯೇ ಕಾಲಕ್ರಮದಲ್ಲಿ ಬತ್ತಿಸುವ ಉಪಾಯವಿದು ಎಂದು ಹವ್ಯಾಸಿಗಳು ಶಂಕಿಸಿದುದು ಸಹಜವೇ ಆಗಿದೆ.

ಇಂತಹ ವೇಳೆಯಲ್ಲಿ ಸರ್ಕಾರವನ್ನು ಜರೆಯುವುದು ಸುಲಭ. ಕದ್ದು ಹಾರಿಸುವೆವೆಂದು ಪಂಥ ಕಟ್ಟುವುದಂತೂ ಎದುರಾಳಿಯ ಕೈಗೆ ಕೋಲು ಕೊಟ್ಟಂತೆ. ತಗ್ಗಿನಲ್ಲಿ ಹಾರುವ ಆಂಬ್ಯುಲೆನ್ಸ್ ಹೆಲಿಕಾಪ್ಟರಿನ ಚಾಲಕನ ಭಯವು ನಿಜವಾದ ಭಯವೆಂಬುದನ್ನು ಮೊದಲು ಒಪ್ಪಬೇಕು. ಅನಂತರ ಕರಡನ್ನು ಅಕ್ಷರಶಃ ಓದಿ, ಯಾವ ವಾಕ್ಯದಿಂದ ಯಾವ ಹಾನಿ, ಅದಕ್ಕೆ ಬದಲೇನು ಎಂಬುದನ್ನು ಬರೆದು ಕಳುಹಿಸಬೇಕು. ಆ ದೇಶದ ಕಾನೂನಿನಂತೆ ಇಲಾಖೆಯು ಬೈಗುಳಕ್ಕೆ ಉತ್ತರಿಸಬೇಕಾಗಿಲ್ಲ. ಸಾರವುಳ್ಳ ಆಕ್ಷೇಪಕ್ಕೆ ಉತ್ತರಿಸಲೇಬೇಕು.

2020ರ ಮಾರ್ಚ್ 2ರ ಗಡುವಿನೊಳಗೆ ಸುಮಾರು 53,000 ಅಭಿಪ್ರಾಯಗಳು ಬಂದವು. ಮರುವರ್ಷದ ಜನವರಿಯಲ್ಲಿ ಅಂತಿಮ ನಿಯಮವು ಪ್ರಕಟವಾದಾಗ ಇಂಟರ್‌ನೆಟ್ಟಿನ ನಿರ್ಬಂಧ ಕೈಬಿಟ್ಟಿತ್ತು, 12 ತಿಂಗಳ ಗಡುವೂ ಹೋಗಿತ್ತು. ಅದಕ್ಕಿಂತ ಹೆಚ್ಚಿನದೆಂದರೆ, ಸಂಘಗಳಿಗಷ್ಟೇ ಮೀಸಲಾಗಿದ್ದ ಬಯಲಿನ ಮಾನ್ಯತೆಯನ್ನು ವಿದ್ಯಾಸಂಸ್ಥೆಗಳೂ ಕೇಳಬಹುದೆಂದಾಯಿತು. ಅಧ್ಯಾಪಕವರ್ಗವು ಗಮನಿಸತಕ್ಕ ಸಂಗತಿಯಿದು.

ಎಲ್ಲವೂ ಸರಿಹೋಯಿತೆಂದಲ್ಲ. ಹಾರಿಸುವವನು ಎಲ್ಲಿ ನಿಂತಿದ್ದಾನೆಂಬುದನ್ನು ದಾರಿಹೋಕನೂ ತನ್ನ ಫೋನಿನಲ್ಲಿ ಕಾಣಬಹುದಾದ ಏರ್ಪಾಡು ಉಳಿದೇ ಹೋಯಿತು. ಮೈದಾನದಲ್ಲಿ ಒಬ್ಬಂಟಿಯಾಗಿ ನಿಂತ ಬಾಲಕನ ನೆಲೆಯನ್ನು ಅಪರಿಚಿತರು ಅರಿಯುವುದು ಯಾವ ಸುರಕ್ಷತೆ? ಪೊಲೀಸರಿಗೆ ಮಾತ್ರ ತಿಳಿದರೆ ಸಾಲದೆ? ಈ ವಾದವನ್ನು ಹವ್ಯಾಸಿಗಳು ಕೈಬಿಡಲಾಗದು.

ನಮ್ಮಲ್ಲಿಯೂ 2021ರ ಮಾರ್ಚಿನ ಬಿಗಿಯಾದ ಡ್ರೋನ್ ನಿಯಮಗಳನ್ನು ಅದೇ ಆಗಸ್ಟಿನಲ್ಲಿ ಸಡಿಲವಾದ ನಿಯಮಗಳು ಸ್ಥಾನಪಲ್ಲಟಗೊಳಿಸಿದವು. ವಿದ್ಯಾಭ್ಯಾಸಕ್ಕೂ ವಿನೋದಕ್ಕೂ ಕಣ್ಣಳತೆಯೊಳಗೆ ಹಾರಿಸುವ, 25 ಕಿಲೋಗ್ರಾಂ ಮೀರದ ಮಾದರಿಗಳಿಗೆ ಮಾದರಿ ಪ್ರಮಾಣಪತ್ರದ ತೊಡಕು ತಪ್ಪಿತು. ಅದರ ಕರಡು ಹೊರಬಿದ್ದುದು ಜುಲೈ ಮಧ್ಯದಲ್ಲಿ. ಅಭಿಪ್ರಾಯ ಸಲ್ಲಿಸಲು ಆಗಸ್ಟ್ 5 ಕಡೆಯ ದಿನ. ಓದಿ, ಚರ್ಚಿಸಿ, ಬರೆದು ಕಳುಹಿಸಲು ದೊರೆತುದು ಮೂರು ವಾರ ಮಾತ್ರ.