ಐದನೆಯ ಚಕ್ರದ ಬಗ್ಗೆ ನಾಲ್ಕು ಮಾತು

ಅಡಿಕೆ ಮಾರಿದ ಹಣಕ್ಕೆ ಅಷ್ಟಿಷ್ಟು ಸಾಲ ಸೇರಿಸಿ ಕಾರು ಕೊಳ್ಳುವುದು ಈಗ ನಮ್ಮ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಸಣ್ಣ ಬೆಳೆಗಾರನಿಗೂ ಅಪರೂಪದ ಸಂಗತಿಯಲ್ಲ. ಕೊಳ್ಳುವಾಗ ಬಣ್ಣ ನೋಡುತ್ತೇವೆ, ಲೀಟರಿಗೆ ಎಷ್ಟು ಓಡುತ್ತದೆಂದು ಕೇಳುತ್ತೇವೆ, ಕಂತಿನ ಲೆಕ್ಕ ಹಾಕುತ್ತೇವೆ. ಡಿಕ್ಕಿಯ ತಳದ ಹಲಗೆ ಎತ್ತಿ ಸ್ಟೆಪ್ನಿಯನ್ನು ನೋಡುವವರು ಎಷ್ಟು ಮಂದಿ? ನಾವಂತೂ ನೋಡಿರಲಿಲ್ಲ. ಅದರ ಫಲವನ್ನು ಉಂಡ ಮೇಲೆ ಇದನ್ನು ಬರೆಯುತ್ತಿದ್ದೇವೆ.

ಕಳೆದ ಮಳೆಗಾಲದ ಒಂದು ರಾತ್ರಿ ಮನೆಯ ಹಿರಿಯರಿಗೆ ಎದೆನೋವು ಕಾಣಿಸಿತು. ದೊಡ್ಡ ಕಾಯಿಲೆಗೆ ನಮ್ಮ ಕಡೆಯವರು ಮಣಿಪಾಲಕ್ಕೋ ಮಂಗಳೂರಿಗೋ ಓಡಬೇಕಾದ ಪರಿಸ್ಥಿತಿ ಎಲ್ಲರಿಗೂ ತಿಳಿದದ್ದೇ. ಹೊನ್ನಾವರ ದಾಟಿ ಮುರ್ಡೇಶ್ವರದ ಹತ್ತಿರ ಬರುವಾಗ ಹೊಂಡದ ಅಂಚು ಬಡಿದು ಮುಂದಿನ ಟೈರಿನ ಪಕ್ಕೆ ಸೀಳಿತು. ಡಿಕ್ಕಿಯಲ್ಲಿ ಮೈಲುತುತ್ತ, ಸುಣ್ಣದ ಚೀಲಗಳು. ಅವನ್ನೆಲ್ಲ ಮಳೆಯಲ್ಲಿ ಇಳಿಸಿ ನೋಡಿದರೆ ಒಳಗಿದ್ದದ್ದು ಉಳಿದ ನಾಲ್ಕಕ್ಕಿಂತ ಚಿಕ್ಕ ಚಕ್ರ, ಗಾಳಿಯೂ ಅರ್ಧ. ಅದನ್ನೇ ಮುಂದಕ್ಕೆ ಹಾಕಿದೆವು. ಕಾರು ಒಂದೇ ಕಡೆಗೆ ಎಳೆಯತೊಡಗಿತು, ಎದುರಿಗೆ ಬ್ರೇಕಿನ ಎಚ್ಚರಿಕೆ ದೀಪ ಹೊತ್ತಿಕೊಂಡಿತು. ಒಡೆದ ದೊಡ್ಡ ಚಕ್ರ ಚಿಕ್ಕದರ ಗುಳಿಯಲ್ಲಿ ಕೂರಲಿಲ್ಲ. ಕೆಸರು ಮೆತ್ತಿದ ಅದನ್ನು ರೋಗಿಯ ಕಾಲಬುಡದಲ್ಲೇ ಇಡಬೇಕಾಯಿತು. ಭಟ್ಕಳದವರೆಗೆ ತೆವಳಿ ಅಲ್ಲಿಂದ ಬೇರೆ ವಾಹನ ಮಾಡಿದೆವು. ಹಿರಿಯರು ಉಳಿದರು, ಅದು ನಮ್ಮ ಜಾಣತನದಿಂದಲ್ಲ. ಮೂರು ವರ್ಷ ಆ ಹಲಗೆ ಎತ್ತದಿದ್ದ ತಪ್ಪು ನಮ್ಮದೇ.

ಬೇರೆ ಅಳತೆಯ ಸ್ಟೆಪ್ನಿ ಹೊಸದೇನೂ ಅಲ್ಲ. ವೇಲ್ಸಿನ ಲನೆತ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಿಂದ ಈ ಹೆಸರು ಬಂತು. ಅಲ್ಲಿ 1904ರಲ್ಲಿ ಹುಟ್ಟಿದ ಮೂಲ ಸ್ಟೆಪ್ನಿಗೆ ಅರೆಕಾಲುಗಳೇ ಇರಲಿಲ್ಲ. ಟೈರು ತೊಡಿಸಿದ ಆ ಬಳೆಯನ್ನು ಕೆಟ್ಟ ಚಕ್ರದ ಪಕ್ಕಕ್ಕೆ ಬಿಗಿದು ಮನೆ ಸೇರುತ್ತಿದ್ದರು. ಅಂದೂ ಅದು ತಾತ್ಕಾಲಿಕ ಆಸರೆಯೇ. ಇಂದಿನ ತಯಾರಕರು ಜಾಗ, ತೂಕ, ಬೆಲೆಗಳ ಉಳಿತಾಯಕ್ಕಾಗಿ ಅದೇ ದಾರಿ ಹಿಡಿದಿದ್ದಾರೆ. 2020ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯಂತೆ, ಟ್ಯೂಬಿಲ್ಲದ ಟೈರು, ದುರಸ್ತಿಯ ಸಲಕರಣೆ, ಗಾಳಿಯ ಒತ್ತಡ ತಿಳಿಸುವ ಸಾಧನ ಇರುವ ಕಾರಿಗೆ ಸ್ಟೆಪ್ನಿಯೇ ಕಡ್ಡಾಯವಲ್ಲ. ಮೊಳೆ ಚುಚ್ಚಿದ ತೂತಿಗೆ ಆ ಸಲಕರಣೆ ಸಾಕು. ಕಲ್ಲಿಗೆ ಸೀಳಿದ ಪಕ್ಕೆಗೆ ಅದರಿಂದ ಪ್ರಯೋಜನವಿಲ್ಲ.

ಬೇರೆಯಾದದ್ದೆಲ್ಲ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಟೈರಿನ ಮೇಲಿನ ಅಂಕಿ ಓದಲು ಕಲಿತರೆ ಸಾಕು. 185/65 ಆರ್ 15 ಎಂದರೆ ಅಗಲ 185 ಮಿ.ಮೀ., ಪಕ್ಕೆಯ ಎತ್ತರ ಅಗಲದ ನೂರಕ್ಕೆ 65 ಭಾಗ, ಒಳಗಿನ ಬಳೆ 15 ಅಂಗುಲ. ಒಟ್ಟು ಎತ್ತರ ಸುಮಾರು 621 ಮಿ.ಮೀ. ಇದಕ್ಕೆ 165/80 ಆರ್ 14 ಸ್ಟೆಪ್ನಿ ಕೊಟ್ಟಿದ್ದರೆ ಅದರ ಎತ್ತರ ಸುಮಾರು 620. ಬಳೆ ಚಿಕ್ಕದಾದರೂ ಸುತ್ತಳತೆ ಒಂದೇ. 155/80 ಆರ್ 13 ಆದರೆ ಎತ್ತರ 578 ಮಾತ್ರ. ಅದು ಪ್ರತಿ ಕಿಲೋಮೀಟರಿಗೆ 38 ಸುತ್ತು ಹೆಚ್ಚು ಸುತ್ತಬೇಕು. ಹೊನ್ನಾವರದಿಂದ ಭಟ್ಕಳದವರೆಗಿನ ಸುಮಾರು 40 ಕಿ.ಮೀ.ಯಲ್ಲಿ ಸಾವಿರದೈನೂರು ಸುತ್ತು. ತಿರುವಿನಲ್ಲಿ ಕ್ಷಣಕಾಲ ಕೆಲಸ ಮಾಡಬೇಕಾದ ಡಿಫರೆನ್ಷಿಯಲ್ಲಿನ ಹಲ್ಲುಚಕ್ರಗಳು ಆಗ ನೇರ ದಾರಿಯಲ್ಲೂ ಬಿಡುವಿಲ್ಲದೆ ತೇಯುತ್ತವೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಆದ್ದರಿಂದ ಸದಸ್ಯ ಬಾಂಧವರು ಕೆಲವು ವಿಷಯ ಗಮನದಲ್ಲಿಡಬೇಕು. ಚಿಕ್ಕ ಚಕ್ರವನ್ನು ಇಂಜಿನ್ ತಿರುಗಿಸುವ ಕಡೆಗೆ ಹಾಕಬಾರದು. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದಿನ ಚಕ್ರಗಳೇ ಎಳೆಯುವುದರಿಂದ, ಮುಂದಿನದು ಒಡೆದರೆ ಹಿಂದಿನ ಒಳ್ಳೆಯ ಚಕ್ರವನ್ನು ಮುಂದಕ್ಕೆ ತಂದು ಸ್ಟೆಪ್ನಿಯನ್ನು ಹಿಂದಕ್ಕೆ ಹಾಕುವುದು ಲೇಸು. ನಾಲ್ಕು ಚಕ್ರವೂ ಎಳೆಯುವ ಜೀಪಿನಲ್ಲಿ ಅಂಥ ಚಕ್ರವಿದ್ದಾಗ ನಾಲ್ಕರ ಗೇರು ಹಾಕಲೇಬಾರದು. ತಾತ್ಕಾಲಿಕ ಚಕ್ರದ ಮೇಲೆ ಬರೆದ 80 ಕಿ.ಮೀ. ವೇಗ ಮಿತಿಯೇ ಹೊರತು ಗುರಿಯಲ್ಲ. ಒದ್ದೆಯಾದ ದೇವಿಮನೆ ಅಥವಾ ಗೇರುಸೊಪ್ಪೆ ಘಟ್ಟದಲ್ಲಿ ಅದರ ಅರ್ಧವೂ ಹೆಚ್ಚೇ. ತೀರ ತೆಳುವಾದ ಸ್ಟೆಪ್ನಿಗೆ ಸಾಮಾನ್ಯವಾಗಿ 60 ಪೌಂಡು ಗಾಳಿ ಬೇಕು, ಉಳಿದವುಗಳ ಸುಮಾರು ಎರಡರಷ್ಟು. ಹೊರೆಯ ಅಂಕಿಯನ್ನೂ ನೋಡಬೇಕು: 79 ಎಂದಿದ್ದರೆ ಆ ಟೈರು ಹೊರುವುದು 437 ಕಿಲೋ, 88 ಎಂದಿದ್ದರೆ 560 ಕಿಲೋ. ಅಡಿಕೆ ಚೀಲ ಹೇರುವ ನಮಗೆ ಈ ಅಂತರ ಸಣ್ಣದಲ್ಲ. ಚಂದಕ್ಕೆಂದು ಅಲಾಯ್ ಚಕ್ರ ಹಾಕಿಸಿದವರು, ಅದರ ನಟ್ಟುಗಳು ಕಬ್ಬಿಣದ ಸ್ಟೆಪ್ನಿಗೂ ಸರಿಯಾಗಿ ಕೂರುತ್ತವೆಯೇ ಎಂದು ಅಂಗಡಿಯಲ್ಲೇ ಪರೀಕ್ಷಿಸಬೇಕು.

ಸ್ಟೆಪ್ನಿ ಅಪರೂಪಕ್ಕೆ ಬೇಕಾಗುವ ವಸ್ತು, ಅದಕ್ಕಾಗಿ ಹೆಚ್ಚು ಹಣವೇಕೆ ಎಂದು ಕೇಳುವವರಿದ್ದಾರೆ. ಹತ್ತು ಹೆಜ್ಜೆಗೊಂದು ಪಂಕ್ಚರ್ ಅಂಗಡಿಯಿರುವ ಪೇಟೆಯವರಿಗೆ ಆ ಮಾತು ಸರಿ ಇರಬಹುದು. ರಾತ್ರಿ ಎಂಟರ ನಂತರ ಘಟ್ಟದಲ್ಲಿ ಒಂದು ದೀಪವೂ ಕಾಣದ ನಮ್ಮ ದಾರಿಗೆ ಅದು ಹೊಂದುವುದಿಲ್ಲ. ಕೊಳ್ಳುವ ಮುನ್ನ ಸ್ಟೆಪ್ನಿಯ ಅಳತೆಯನ್ನು ಮಾರುವವರು ತಾವಾಗಿಯೇ ತಿಳಿಸಬೇಕು. ಹೆಚ್ಚುವರಿ ಹಣ ಕೊಟ್ಟಾದರೂ ಸಮಾನ ಎತ್ತರದ, ಸಮಾನ ಹೊರೆಯ ಚಕ್ರ ಪಡೆಯುವ ಅವಕಾಶ ಇರಬೇಕು. ಇದು ನಮ್ಮ ಸ್ಪಷ್ಟ ಅಭಿಪ್ರಾಯ. ಒಬ್ಬ ಬೆಳೆಗಾರ ಕೇಳಿದರೆ ನಗುತ್ತಾರೆ. ಸಂಘದ ಸದಸ್ಯರೆಲ್ಲ ಕೇಳಿದರೆ ಉತ್ತರಿಸುತ್ತಾರೆ.

ಕೊಳೆರೋಗ ಬಂದ ಮೇಲೆ ಬೋರ್ಡೋ ದ್ರಾವಣ ಕಲಸಲು ಕೂರುವ ಬೆಳೆಗಾರ ನಮ್ಮಲ್ಲಿಲ್ಲ. ಮಳೆ ಹಿಡಿಯುವ ಮೊದಲೇ ಮೊದಲ ಮದ್ದು ಹೊಡೆಯುವ ನಾವು, ಅದೇ ವಾರ ಡಿಕ್ಕಿಯ ಹಲಗೆಯನ್ನೂ ಒಮ್ಮೆ ಎತ್ತಿ ಗಾಳಿ ನೋಡಿದರೆ ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷದ ಬೆಲೆ ಎಷ್ಟೆಂಬುದು ನಮಗೆ ಮುರ್ಡೇಶ್ವರದ ರಸ್ತೆಯಲ್ಲಿ ತಿಳಿಯಿತು.